ನಲವತ್ತು ವರ್ಷದ ಕೋಚ್, ನಾಲ್ಕು ವರ್ಷದ ವಿದ್ಯಾರ್ಥಿ



ಕ್ರೀಡೆಯ ಮೇಲೆ ಉಪನ್ಯಾಸ ಎಂದಾಗ ಕ್ರಿಕೆಟ್ಟನ್ನೋ ಕುಸ್ತಿಯನ್ನೋ ನಿರೀಕ್ಷಿಸಿ ಬಂದವರಿಗೆ ನಾನು ಆರಿಸಿಕೊಂಡ ವಿಷಯ ದೂರದ್ದು ಅನ್ನಿಸಬಹುದು. ಅಮೆರಿಕದ ವಿಶ್ವವಿದ್ಯಾಲಯಗಳ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಮೂವತ್ತು, ನಲವತ್ತು ವರ್ಷ ಮುಖ್ಯ ಕೋಚ್ ಆಗಿ ಇದ್ದವರನ್ನು ಬದಲಿಸಬೇಕೇ, ಬದಲಿಸುವುದಾದರೆ ಯಾವಾಗ, ಆ ತೀರ್ಮಾನ ಮಾಡಬೇಕಾದವರು ಯಾರು ಎಂಬುದು ಇಂದಿನ ನನ್ನ ಪ್ರಶ್ನೆ. ದೈಹಿಕ ಶಿಕ್ಷಣದಲ್ಲಿ ಇರುವ ನಮಗೆ ಇದು ಪೂರ್ತಿ ಪರದೇಶದ ಮಾತಲ್ಲ. 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆಯನ್ನು ತೆರೆದ ಹ್ಯಾರಿ ಕ್ರೋ ಬಕ್ ಕಲಿತು ಬಂದದ್ದು ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ. 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ್ದೂ ಅಲ್ಲೇ. ನಮ್ಮಲ್ಲಿ ಪಿ.ಟಿ. ಮೇಷ್ಟ್ರುಗಳಾದ ಎಷ್ಟೋ ಮಂದಿಯ ವಿದ್ಯೆಯ ಬೇರು ಆ ಊರಿನವರೆಗೂ ಹೋಗುತ್ತದೆ.

ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಿಬಿಡಬೇಕು. ಗುರುವನ್ನು ಬದಲಿಸುವುದು ಎಂಬ ಮಾತು ನಮ್ಮ ಕಿವಿಗೆ ಹಿತವಾಗಿ ಬೀಳುವುದಿಲ್ಲ. ಗರಡಿಯಲ್ಲಿ ಮಣ್ಣು ಹಿಡಿಸಿದ ಉಸ್ತಾದರಿಗೆ ವಯಸ್ಸಾಯಿತು, ಇನ್ನು ಬೇರೆಯವರನ್ನು ಕರೆಯೋಣ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಈ ಸಂಕೋಚ ಒಳ್ಳೆಯದು, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಆ ಸಂಕೋಚದ ಮರೆಯಲ್ಲಿ ಶಿಷ್ಯನ ಲೆಕ್ಕ ಕೇಳುವವರೇ ಇಲ್ಲವಾಗುತ್ತಾರೆ. ನನ್ನ ವಾದವೆಲ್ಲ ಆ ಶಿಷ್ಯನ ಕಡೆಯಿಂದ ಬಂದದ್ದು.

ಮೊದಲು ವಯಸ್ಸಿನ ಮಾತು. ಸರ್ಕಾರಿ ಕೆಲಸದಲ್ಲಿರುವವರಿಗೆ ಈ ಉತ್ತರ ತಕ್ಷಣ ಹೊಳೆಯುತ್ತದೆ: 60 ತುಂಬಿದ ತಿಂಗಳ ಕೊನೆಗೆ ಹಾರ, ಶಾಲು, ಬೀಳ್ಕೊಡುಗೆ. ಕೋಚ್‌ಗೂ ಹಾಗೊಂದು ವಯಸ್ಸು ಗೊತ್ತುಮಾಡಿದರೆ ಯಾರಿಗೂ ನಿಷ್ಠುರವಿಲ್ಲ. ಅಮೆರಿಕದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ನೈಸ್ಮಿತ್ 1898ರಲ್ಲಿ ಕ್ಯಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಮೊದಲ ಕೋಚ್ ಆದರು. ಅವರ ಕೈಯಲ್ಲಿ ಪಳಗಿದ ಫಾಗ್ ಅಲೆನ್ ಮುಂದೆ ಅದೇ ತಂಡವನ್ನು ಒಟ್ಟು 39 ಸೀಸನ್ ನಡೆಸಿ, 1952ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. 1955ರಲ್ಲಿ ಫಿಲಡೆಲ್ಫಿಯಾದ ವಿಲ್ಟ್ ಚೇಂಬರ್ಲೇನ್ ಎಂಬ ಏಳಡಿ ಹುಡುಗನನ್ನು ಕ್ಯಾನ್ಸಾಸ್‌ಗೆ ಒಲಿಸಿ ತಂದವರೂ ಅವರೇ. ಆ ಕಾಲದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಹುಡುಗ ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಅಲೆನ್ ಅವರಿಗೆ ನಿವೃತ್ತಿಯ ವಯಸ್ಸಾದ 70 ದಾಟಿತ್ತು. ವಿನಾಯಿತಿ ಕೇಳಿದರು, ವಿಶ್ವವಿದ್ಯಾಲಯ ಕೊಡಲಿಲ್ಲ. 1956ರಲ್ಲಿ ಅವರು ಮನೆಗೆ ಹೋಗಬೇಕಾಯಿತು. ಮರುವರ್ಷ ಡಿಕ್ ಹಾರ್ಪ್ ಅವರ ಕೈಕೆಳಗೆ ಕ್ಯಾನ್ಸಾಸ್ ಫೈನಲ್‌ವರೆಗೆ ಹೋಗಿ, ಮೂರು ಹೆಚ್ಚುವರಿ ಅವಧಿಗಳ ನಂತರ ನಾರ್ತ್ ಕ್ಯಾರೊಲಿನಾಗೆ 54–53ರಿಂದ, ಒಂದೇ ಅಂಕದಿಂದ ಸೋತಿತು. ಅಲೆನ್ ಇದ್ದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಯಾರು ಕರೆತಂದರೋ ಅವರ ಮಾರ್ಗದರ್ಶನದಲ್ಲಿ ಚೇಂಬರ್ಲೇನ್ ಮುಖ್ಯ ತಂಡದ ಒಂದು ಪಂದ್ಯವನ್ನೂ ಆಡಲಿಲ್ಲ ಎಂಬುದು ನಿಜ.

ಅದೇ ನಿಯಮ ಇನ್ನೊಂದು ಕಡೆ ಹೇಗೆ ಕೆಲಸ ಮಾಡಿತು ನೋಡಿ. ಅಲೆನ್ ಅವರ ಶಿಷ್ಯ ಅಡಾಲ್ಫ್ ರಪ್ 1930ರಲ್ಲಿ ಕೆಂಟಕಿಗೆ ಬಂದು ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದು, 876 ಪಂದ್ಯಗಳ ಗೆಲುವಿನ ದಾಖಲೆ ಮಾಡಿದರು. 1966ರ ಫೈನಲ್‌ನಲ್ಲಿ ಅವರ ಬಿಳಿಯರಷ್ಟೇ ಇದ್ದ ತಂಡ, ಐವರು ಕಪ್ಪು ಆಟಗಾರರನ್ನು ಮೊದಲಿಗೆ ಕಣಕ್ಕಿಳಿಸಿದ ಟೆಕ್ಸಸ್ ವೆಸ್ಟರ್ನ್ ತಂಡಕ್ಕೆ 72–65ರಿಂದ ಸೋತಿತು. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮೊದಲ ಕಪ್ಪು ಆಟಗಾರ ಸೇರಿದ್ದು 1969ರಲ್ಲಿ, ಅಂದರೆ ರಪ್ ಬಂದು 39 ವರ್ಷಗಳಾದ ಮೇಲೆ. ದಕ್ಷಿಣದ ರಾಜ್ಯಗಳೆಲ್ಲ ಹಾಗೇ ಇದ್ದವು ಎಂಬ ಸಮಜಾಯಿಷಿ ಉಂಟು. ಆದರೆ ಅದೇ ಲೀಗಿನ ವ್ಯಾಂಡರ್‌ಬಿಲ್ಟ್ 1967ರಲ್ಲೇ ಪೆರಿ ವಾಲೆಸ್ ಅವರನ್ನು ಆಡಿಸಿತ್ತು. ಅಲೆನ್ ಅವರ ಇನ್ನೊಬ್ಬ ಶಿಷ್ಯ ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾದಲ್ಲಿ ಚಾರ್ಲಿ ಸ್ಕಾಟ್ ಅವರನ್ನು ಸ್ಕಾಲರ್‌ಶಿಪ್ ಕೊಟ್ಟು ಸೇರಿಸಿಕೊಂಡಿದ್ದರು. 1972ರಲ್ಲಿ 70ರ ನಿಯಮ ರಪ್ ಅವರನ್ನೂ ಇಳಿಸಿತು. ಅವರಿಗೆ ಇಳಿಯುವ ಮನಸ್ಸಿರಲಿಲ್ಲ. ಒಂದೇ ನಿಯಮ ಕ್ಯಾನ್ಸಾಸ್‌ನಲ್ಲಿ ಬೇಗ ಬಂತು, ಕೆಂಟಕಿಯಲ್ಲಿ ತಡವಾಗಿ ಬಂತು. ಕೆಂಟಕಿಯಲ್ಲಿ ಆಗಬೇಕಾಗಿದ್ದ ಮಾತುಕತೆಗೂ ರಪ್ ಅವರ ಹುಟ್ಟಿದ ದಿನಾಂಕಕ್ಕೂ ಸಂಬಂಧವೇ ಇರಲಿಲ್ಲ. ಹತ್ತು ವರ್ಷ ಮೊದಲೇ ಯಾರಾದರೂ ಅವರೆದುರು ಕೂತು, ನೀವು ಆಡಿಸುತ್ತಿರುವುದು ಈ ರಾಜ್ಯದ ಯಾವ ಮಕ್ಕಳನ್ನು ಎಂದು ಕೇಳಬೇಕಾಗಿತ್ತು. 1986ರಲ್ಲಿ ಅಮೆರಿಕದ ಕಾನೂನು ವಯಸ್ಸಿನ ಕಾರಣದ ಕಡ್ಡಾಯ ನಿವೃತ್ತಿಯನ್ನು ಬಹುತೇಕ ಉದ್ಯೋಗಗಳಿಂದ ತೆಗೆದುಹಾಕಿತು. ಹಾಗಾಗಿ ಈ ದಾರಿ ಈಗ ಮುಚ್ಚಿದೆ. ಮುಚ್ಚಿದ್ದು ಒಳ್ಳೆಯದೇ ಆಯಿತು.

ಎರಡನೆಯದು ಸೋಲಿನ ಲೆಕ್ಕ. ಎರಡು ವರ್ಷ ಸೋತರೆ ಬದಲಿಸಿ ಎಂಬ ಕೂಗು ಎಲ್ಲ ಕಡೆಯೂ ಏಳುತ್ತದೆ. ಇದಕ್ಕೆ ಎದುರಾಗಿ ಎಲ್ಲರೂ ಕೊಡುವ ಉದಾಹರಣೆಗಳೂ ನಮಗೆ ಗೊತ್ತಿವೆ. ಯುಸಿಎಲ್‌ಎ ವಿಶ್ವವಿದ್ಯಾಲಯದ ಜಾನ್ ವುಡನ್ 12 ವರ್ಷಗಳಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಮೊದಲನೆಯದು ಬಂದದ್ದು ಅವರ 16ನೆಯ ಸೀಸನ್‌ನಲ್ಲಿ, 1964ರಲ್ಲಿ. ಟೆನೆಸಿ ಮಹಿಳಾ ತಂಡದ ಪ್ಯಾಟ್ ಸಮಿಟ್ ಎಂಟು ಪ್ರಶಸ್ತಿಗಳಲ್ಲಿ ಮೊದಲನೆಯದಕ್ಕೆ 13ನೆಯ ಸೀಸನ್‌ವರೆಗೆ ಕಾದರು. ಡೀನ್ ಸ್ಮಿತ್ ಅವರ ಪ್ರತಿಕೃತಿಯನ್ನು 1965ರಲ್ಲಿ ಸ್ವಂತ ವಿದ್ಯಾರ್ಥಿಗಳೇ ಕ್ಯಾಂಪಸ್ಸಿನ ಮರಕ್ಕೆ ನೇತುಹಾಕಿದ್ದರು. ಡ್ಯೂಕ್‌ನ ಮೈಕ್ ಶಶೆವ್ಸ್ಕಿ ಮೊದಲ ಮೂರು ಸೀಸನ್‌ಗಳಲ್ಲಿ ಗೆದ್ದದ್ದು 38, ಸೋತದ್ದು 47. 1983ರ ಕೊನೆಯ ಪಂದ್ಯದಲ್ಲಿ ವರ್ಜೀನಿಯಾ ಅವರ ತಂಡವನ್ನು 109–66ರಿಂದ ಮಣ್ಣುಮುಕ್ಕಿಸಿತು. ಹಳೆಯ ವಿದ್ಯಾರ್ಥಿಗಳು ಅವರ ರಾಜೀನಾಮೆಗೆ ಹಟ ಹಿಡಿದರು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಒಪ್ಪಲಿಲ್ಲ, ಮರುವರ್ಷ ಒಪ್ಪಂದವನ್ನು ಇನ್ನಷ್ಟು ಉದ್ದ ಮಾಡಿದರು. ಐದು ರಾಷ್ಟ್ರೀಯ ಪ್ರಶಸ್ತಿಗಳು ಆಮೇಲೆ ಬಂದವು.

ಈ ಉದಾಹರಣೆಗಳನ್ನು ನಾನು ಪ್ರೀತಿಯಿಂದಲೇ ಹೇಳುತ್ತೇನೆ, ಆದರೆ ಇವುಗಳಿಂದ ವಾದ ಗೆಲ್ಲಲಾಗದು. ತಾಳ್ಮೆಯಿಂದ ಉಳಿಸಿಕೊಂಡೂ ಏನೂ ಗೆಲ್ಲದ ಕೋಚ್‌ಗಳ ಹೆಸರು ಯಾವ ಉಪನ್ಯಾಸದಲ್ಲೂ ಬರುವುದಿಲ್ಲ. ಗೆದ್ದವರನ್ನಷ್ಟೇ ನಾವು ನೆನೆಯುತ್ತೇವೆ. ಆದ್ದರಿಂದ ಒಂದೊಂದು ಕತೆಗಿಂತ ಒಟ್ಟಾರೆ ಲೆಕ್ಕ ಮುಖ್ಯ. ಅಂಥ ಒಂದು ಲೆಕ್ಕವನ್ನು ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ತಂಡಗಳ ಬಗ್ಗೆ ಆಡ್ಲರ್, ಬೆರ್ರಿ ಮತ್ತು ಡೊಹರ್ಟಿ ಎಂಬ ಮೂವರು ರಾಜ್ಯಶಾಸ್ತ್ರಜ್ಞರು ಸುಮಾರು 2013ರಲ್ಲಿ ಪ್ರಕಟಿಸಿದರು. ಕೋಚ್ ಬದಲಿಸಿದ ತಂಡಗಳನ್ನು, ಅಷ್ಟೇ ಕೆಟ್ಟದಾಗಿ ಆಡಿಯೂ ಬದಲಿಸದ ತಂಡಗಳ ಪಕ್ಕದಲ್ಲಿಟ್ಟು ನೋಡಿದರು. ತೀರಾ ಸೋಲುತ್ತಿದ್ದ ತಂಡಗಳಿಗೆ ಬದಲಾವಣೆಯಿಂದ ದೊಡ್ಡ ಲಾಭವೇನೂ ಕಾಣಲಿಲ್ಲ. ನಡುಮಟ್ಟದ ತಂಡಗಳು ಬದಲಿಸಿದ ಮೇಲೆ ಬದಲಿಸದವುಗಳಿಗಿಂತ ಹಿಂದೆ ಬಿದ್ದವು. ಫುಟ್‌ಬಾಲ್ ಬೇರೆ, ಬ್ಯಾಸ್ಕೆಟ್‌ಬಾಲ್ ಬೇರೆ ಎಂಬುದನ್ನು ಮರೆಯಬಾರದು. ಐವರು ಆಡುವ ಆಟದಲ್ಲಿ ಒಬ್ಬ ಹುಡುಗನೇ ತಂಡದ ಹಣೆಬರಹ ಬದಲಿಸಬಲ್ಲ. ಆದರೂ ಬದಲಾವಣೆಯೇ ಔಷಧಿ ಎಂದು ನಂಬಿರುವ ಹಳೆಯ ವಿದ್ಯಾರ್ಥಿ ಸಂಘಗಳು ಇದನ್ನು ಒಮ್ಮೆ ಓದಬೇಕು.

ಬಹುಕಾಲದಿಂದ ಇರುವವರ ಸೋಲು ಇನ್ನೂ ಕಷ್ಟದ ಪರೀಕ್ಷೆ. ಪರ್ಡೂ ತಂಡದ ಮ್ಯಾಟ್ ಪೇಂಟರ್ 2005ರಿಂದ ಇದ್ದವರು. ರಾಷ್ಟ್ರೀಯ ಟೂರ್ನಿಯಲ್ಲಿ 2021ರಲ್ಲಿ 13ನೆಯ ಶ್ರೇಯಾಂಕದವರಿಗೆ, 2022ರಲ್ಲಿ 15ನೆಯವರಿಗೆ, 2023ರಲ್ಲಿ ತಾವೇ ಒಂದನೆಯ ಶ್ರೇಯಾಂಕದಲ್ಲಿದ್ದು 16ನೆಯವರಾದ ಫೇರ್ಲಿ ಡಿಕಿನ್ಸನ್‌ಗೆ ಸೋತರು. ಮೂರು ವರ್ಷ ಸತತವಾಗಿ ಇಂಥ ಅವಮಾನ. ಪರ್ಡೂ ಅವರನ್ನು ಬಿಡಲಿಲ್ಲ. 2024ರಲ್ಲಿ ತಂಡ ಫೈನಲ್‌ಗೆ ಹೋಯಿತು. ವರ್ಜೀನಿಯಾದ ಟೋನಿ ಬೆನೆಟ್ 2018ರಲ್ಲಿ ಅಂಥದೇ ಸೋಲು ಕಂಡು, ಮರುವರ್ಷವೇ ಪ್ರಶಸ್ತಿ ಗೆದ್ದರು. ಕನೆಕ್ಟಿಕಟ್ ಮಹಿಳಾ ತಂಡದ ಜೀನೋ ಔರಿಯೆಮ್ಮಾ 1985ರಿಂದ ಇದ್ದಾರೆ. 2016ರ ನಂತರ ಒಂಬತ್ತು ವರ್ಷ ಪ್ರಶಸ್ತಿ ಕೈಗೆ ಬರಲಿಲ್ಲ, 2025ರಲ್ಲಿ, 71ನೆಯ ವಯಸ್ಸಿನಲ್ಲಿ, 12ನೆಯದನ್ನು ಗೆದ್ದರು.

ಹಾಗಾದರೆ ವಯಸ್ಸೂ ಅಲ್ಲ, ಸೇವೆಯ ಉದ್ದವೂ ಅಲ್ಲ, ಸೋಲಿನ ಎಣಿಕೆಯೂ ಅಲ್ಲ ಎಂದಾಯಿತು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ. ಆ ವಿಶ್ವವಿದ್ಯಾಲಯದಲ್ಲಿ ಕೋಚ್‌ಗೆ ‘ಇದು ಸರಿಯಲ್ಲ’ ಎಂದು ಹೇಳಬಲ್ಲವರು ಯಾರಾದರೂ ಉಳಿದಿದ್ದಾರೆಯೇ, ಹೇಳಿದರೆ ಅವರು ಕೇಳುತ್ತಾರೆಯೇ? ಇದ್ದಾರೆ ಎಂದಾದರೆ ಮೂರು ವರ್ಷ ಸೋತರೂ ಉಳಿಸಿಕೊಳ್ಳಿ. ಇಲ್ಲ ಎಂದಾದರೆ ಗೆಲ್ಲುತ್ತಿದ್ದರೂ ಬದಲಿಸಿ.

ಇಂಡಿಯಾನಾದ ಬಾಬ್ ನೈಟ್ ಅವರನ್ನು ನೋಡಿ. 1971ರಿಂದ 29 ಸೀಸನ್, ಮೂರು ರಾಷ್ಟ್ರೀಯ ಪ್ರಶಸ್ತಿ. 1976ರ ಅವರ ತಂಡ 32 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಗೆದ್ದಿತು. ಪುರುಷರ ವಿಭಾಗದಲ್ಲಿ ಆ ಸಾಧನೆಯನ್ನು ಆಮೇಲೆ ಅರ್ಧ ಶತಮಾನದಲ್ಲಿ ಯಾರೂ ಸರಿಗಟ್ಟಿಲ್ಲ. ಅವರ ಹುಡುಗರು ಪದವಿ ಮುಗಿಸುತ್ತಿದ್ದರು, ಆಟಗಾರರಿಗೆ ಕದ್ದು ಹಣ ಕೊಟ್ಟ ಆರೋಪ ಅವರ ಮೇಲೆ ಬರಲಿಲ್ಲ. ಇದೆಲ್ಲ ಸತ್ಯ. ಜೊತೆಗೆ 1985ರಲ್ಲಿ ನಡೆಯುತ್ತಿದ್ದ ಪಂದ್ಯದ ಅಂಕಣಕ್ಕೆ ಕುರ್ಚಿ ಎಸೆದದ್ದೂ ಸತ್ಯ. ಆಗ ಆದ ಶಿಕ್ಷೆ ಒಂದು ಪಂದ್ಯದ ಅಮಾನತು. ಮುಂದೆ ಪ್ರತಿ ಬಾರಿಯೂ ಒಬ್ಬರಲ್ಲ ಒಬ್ಬರು ಕ್ಷಮೆಗೆ ಕಾರಣ ಹುಡುಕಿದರು, ಏಕೆಂದರೆ ಗ್ಯಾಲರಿ ತುಂಬಿರುತ್ತಿತ್ತು. 1997ರ ಅಭ್ಯಾಸದ ವೇಳೆ ಆಟಗಾರನೊಬ್ಬನ ಕತ್ತಿಗೆ ಕೈ ಹಾಕಿದ ವಿಡಿಯೋ 2000ರಲ್ಲಿ ಹೊರಬಂದಾಗ ಮಾತ್ರ ವಿಶ್ವವಿದ್ಯಾಲಯದ ಅಧ್ಯಕ್ಷ ಮೈಲ್ಸ್ ಬ್ರಾಂಡ್, ಇನ್ನೊಂದು ತಪ್ಪಾದರೆ ಸಹಿಸುವುದಿಲ್ಲ ಎಂದು ಷರತ್ತು ಹಾಕಿದರು. ನಾಲ್ಕೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ನೈಟ್ ಅವರನ್ನು ತೆಗೆದುಹಾಕಿದರು. ವಿದ್ಯಾರ್ಥಿಗಳು ಗುಂಪುಗೂಡಿ ಅಧ್ಯಕ್ಷರ ಮನೆಯ ಮುಂದೆ ಪ್ರತಿಭಟಿಸಿದರು. ಇಂಡಿಯಾನಾ ಆಮೇಲೆ 2002ರಲ್ಲಿ ಒಮ್ಮೆ ಫೈನಲ್‌ವರೆಗೆ ಹೋದದ್ದು ಬಿಟ್ಟರೆ ಹಳೆಯ ಎತ್ತರ ಮತ್ತೆ ಸಿಕ್ಕಿಲ್ಲ. ಆದರೂ ಬ್ರಾಂಡ್ ಮಾಡಿದ್ದು ಸರಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ತಡವಾಗಿ ಮಾಡಿದರು ಎಂಬುದೊಂದೇ ನನ್ನ ದೂರು. ಒಬ್ಬ ವಿದ್ಯಾರ್ಥಿಯ ಕತ್ತಿನ ಬೆಲೆ ಎಷ್ಟು ಗೆಲುವು ಎಂದು ಯಾರೂ ಲೆಕ್ಕ ಹಾಕಬಾರದು.

ನೈಟ್ ಅವರ ಕೈಯಲ್ಲೇ, ಸೇನಾ ಅಕಾಡೆಮಿಯಲ್ಲಿ ಆಟ ಕಲಿತವರು ಶಶೆವ್ಸ್ಕಿ. ಶಿಷ್ಯ 42 ಸೀಸನ್ ಡ್ಯೂಕ್‌ನಲ್ಲಿದ್ದರು, ಗುರುವಿಗಿಂತ ಹೆಚ್ಚು ಕಾಲ. ನಾಲ್ಕು ವರ್ಷ ಇದ್ದು ಪಕ್ವವಾಗುವ ಆಟಗಾರರಿಂದ 1991, 1992ರಲ್ಲಿ ಗೆದ್ದವರು, ಒಂದೇ ವರ್ಷ ಓದಿ ವೃತ್ತಿಪರ ಲೀಗ್ ಎನ್‌ಬಿಎಗೆ ಹೊರಡುವ ಹುಡುಗರ ಕಾಲ ಬಂದಾಗ 2015ರಲ್ಲಿ ಅಂಥ ಮೊದಲ ವರ್ಷದವರನ್ನು ಕಟ್ಟಿಕೊಂಡೇ ಗೆದ್ದರು. ಇದಲ್ಲದೆ ರಾಷ್ಟ್ರೀಯ ತಂಡದ ಜೊತೆ ಮೂರು ಒಲಿಂಪಿಕ್ಸ್ ಚಿನ್ನ. ಎಪ್ಪತ್ತರ ಹತ್ತಿರ ಬಂದ ಮನುಷ್ಯ ಹದಿನೆಂಟರ ಹುಡುಗರಿಂದ ಕಲಿಯುತ್ತಿದ್ದರು. ಅಂಥವರನ್ನು ವರ್ಷ ಎಣಿಸಿ ಇಳಿಸಲು ಯಾವ ಕಾರಣವೂ ಇರಲಿಲ್ಲ.

ಈ ಇಬ್ಬರ ನಡುವೆ ಸಿರಾಕ್ಯೂಸ್‌ನ ಜಿಮ್ ಬೋಹೈಮ್ ನಿಲ್ಲುತ್ತಾರೆ. ಅವರ ಪ್ರಕರಣವೇ ನನಗೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅಲ್ಲಿ ಖಳನಾಯಕರಿಲ್ಲ. 1962ರಲ್ಲಿ ವಿದ್ಯಾರ್ಥಿಯಾಗಿ, ಸ್ಕಾಲರ್‌ಶಿಪ್ ಕೂಡ ಇಲ್ಲದೆ ತಂಡಕ್ಕೆ ಸೇರಿದವರು, 1976ರಿಂದ 2023ರವರೆಗೆ 47 ಸೀಸನ್ ಮುಖ್ಯ ಕೋಚ್. 2003ರಲ್ಲಿ ಕಾರ್ಮೆಲೋ ಆಂಥನಿ ಎಂಬ ಮೊದಲ ವರ್ಷದ ಹುಡುಗನೊಂದಿಗೆ ಪ್ರಶಸ್ತಿ ಗೆದ್ದರು. ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾಯುವ ಅವರ ಝೋನ್ ಡಿಫೆನ್ಸ್ ಅಮೆರಿಕದಾದ್ಯಂತ ಅವರ ಸಹಿಯಂತೆ ಆಯಿತು. ಈ ಡಿಫೆನ್ಸಿಗೆ ಉದ್ದ ಕೈಯ ಆಟಗಾರರು ಬೇಕು, ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದವರು ಬೇಕು. ಮೂರು ಅಂಕದ ಗೆರೆಯ ಆಚೆಯಿಂದ ಎಲ್ಲರೂ ಎಸೆಯಬಲ್ಲ ತಂಡಗಳು ಹೆಚ್ಚುತ್ತ ಹೋದಂತೆ ಅದನ್ನು ಕಾಯುವುದು ಕಷ್ಟವಾಗುತ್ತ ಹೋಯಿತು. 2015ರಲ್ಲಿ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ ನಿಯಮೋಲ್ಲಂಘನೆಗಾಗಿ ಅವರನ್ನು ಒಂಬತ್ತು ಪಂದ್ಯಗಳಿಗೆ ಅಮಾನತು ಮಾಡಿ, ನೂರಕ್ಕೂ ಹೆಚ್ಚು ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. ಮೂರು ವರ್ಷದಲ್ಲಿ ನಿವೃತ್ತಿ ಎಂದು ಆಗಲೇ ಘೋಷಣೆಯಾಯಿತು, ಸಹಾಯಕ ಮೈಕ್ ಹಾಪ್ಕಿನ್ಸ್ ಉತ್ತರಾಧಿಕಾರಿ ಎಂದೂ ಗೊತ್ತಾಯಿತು. 2017ರಲ್ಲಿ ಹಾಪ್ಕಿನ್ಸ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಕೂಡಲೇ ಬೋಹೈಮ್ ಅವರ ಅವಧಿ ಮುಂದುವರಿಯಿತು, ನಿವೃತ್ತಿಯ ಮಾತು ಮರೆಯಾಯಿತು. 2022ರಲ್ಲಿ ಅವರ ಕಾಲದಲ್ಲೇ ಮೊದಲ ಬಾರಿಗೆ ತಂಡ ಗೆದ್ದದ್ದಕ್ಕಿಂತ ಹೆಚ್ಚು ಸೋತಿತು, 16–17. 2023ರ ಮಾರ್ಚ್ 8ರಂದು ವೇಕ್ ಫಾರೆಸ್ಟ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಸೋತ ಮೇಲೆ ಪತ್ರಕರ್ತರ ಮುಂದೆ ಕೂತ ಬೋಹೈಮ್ ಇರುತ್ತೇನೆಂದೂ ಹೇಳಲಿಲ್ಲ, ಹೋಗುತ್ತೇನೆಂದೂ ಹೇಳಲಿಲ್ಲ. ಕೆಲವೇ ಗಂಟೆಗಳಲ್ಲಿ ವಿಶ್ವವಿದ್ಯಾಲಯ ಏಡ್ರಿಯನ್ ಆಟ್ರಿ ಹೊಸ ಕೋಚ್ ಎಂದು ಪ್ರಕಟಿಸಿತು.

ಆರು ದಶಕ ಒಂದೇ ಊರಿಗೆ, ಒಂದೇ ತಂಡಕ್ಕೆ ಬದುಕು ಕೊಟ್ಟವರನ್ನು ಹೀಗೆ ಕಳಿಸುವುದು ಸರಿಯಲ್ಲ. ಆದರೆ ತಪ್ಪು ನಡೆದದ್ದು 2023ರಲ್ಲಿ ಎಂದು ನನಗನ್ನಿಸುವುದಿಲ್ಲ. 2017ರಲ್ಲಿ, ಉತ್ತರಾಧಿಕಾರಿ ಹೋದನೆಂಬ ಒಂದೇ ಕಾರಣಕ್ಕೆ ಯೋಜನೆಯನ್ನೇ ಕೈಬಿಟ್ಟಾಗ ನಡೆಯಿತು. ಆಗ ಹೊಸಬರನ್ನು ಹುಡುಕಬಹುದಿತ್ತು. ಯಾರಿಗೂ ಕೇಳುವ ಧೈರ್ಯ ಬರಲಿಲ್ಲ.

ವಿದ್ಯಾರ್ಥಿಯ ಕಡೆಯಿಂದ ಮಾತಾಡುತ್ತೇನೆ ಎಂದಿದ್ದೆ. ಕಾಲೇಜು ಆಟಗಾರನಿಗೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಸೀಸನ್. ಕೋಚ್‌ನ 47 ವರ್ಷದಲ್ಲಿ ಒಂದು ಕೆಟ್ಟ ವರ್ಷ ಬಂದರೆ ಅದು ಸಣ್ಣ ಪಾಲು, ಹುಡುಗನಿಗೆ ಅದು ಆಟದ ಬದುಕಿನ ಕಾಲು ಭಾಗ. ಹಿರಿಯರ ಗೌರವಕ್ಕಾಗಿ ಇನ್ನೆರಡು ವರ್ಷ ಇರಲಿ ಎಂದು ಟ್ರಸ್ಟಿಗಳು ಹೇಳುವಾಗ ಆ ಔದಾರ್ಯದ ಖರ್ಚನ್ನು ಕೊಡುವವರು ಹದಿನೆಂಟು, ಇಪ್ಪತ್ತರ ಮಕ್ಕಳು. ಇನ್ನೊಂದು ಮುಖವೂ ಇದೆ. ಕೋಚ್‌ನನ್ನು ದಿಢೀರನೆ ತೆಗೆದರೆ ಅವರನ್ನು ನೆಚ್ಚಿ ಬಂದ ಹುಡುಗರು ದಿಕ್ಕು ತೋಚದಂತಾಗುತ್ತಾರೆ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ತಮ್ಮ ಹೆಸರು ಮತ್ತು ಚಿತ್ರದಿಂದ ಹಣವನ್ನೂ ಗಳಿಸಬಹುದು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಹಂಚತೊಡಗಿವೆ. ಹುಡುಗರಿಗೆ ಬಂದ ಈ ಸ್ವಾತಂತ್ರ್ಯ ನ್ಯಾಯವಾದದ್ದು. ಕೋಚ್‌ಗಳಿಗೆ ಇದ್ದದ್ದು ಅವರಿಗೆ ತಡವಾಗಿ ಸಿಕ್ಕಿತು, ಅಷ್ಟೆ. ಆದರೆ ಹಿರಿಯ ಕೋಚ್‌ಗಳು ಕಲಿತ ಕಸುಬೇ ಬದಲಾಯಿತು. ಟೋನಿ ಬೆನೆಟ್ 2024ರ ಅಕ್ಟೋಬರಿನಲ್ಲಿ, ಸೀಸನ್‌ಗೆ ಕೆಲವೇ ವಾರಗಳಿರುವಾಗ, ಈ ಹೊಸ ವ್ಯವಸ್ಥೆಗೆ ತಾನು ತಕ್ಕವನಲ್ಲ ಎಂದು ತಾವೇ ಕೆಳಗಿಳಿದರು. ಅವರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ಅವರನ್ನು ನೆಚ್ಚಿ ಆ ವರ್ಷ ಸೇರಿದ್ದ ಹುಡುಗರಿಗೆ ಅದು ಏಪ್ರಿಲ್‌ನಲ್ಲಿ ತಿಳಿದಿದ್ದರೆ ಚೆನ್ನಾಗಿತ್ತು.

ಹಣದ ಮಾತನ್ನು ಉದ್ದ ಮಾಡುವುದಿಲ್ಲ. ಗೆದ್ದ ಹುರುಪಿನಲ್ಲಿ ಹತ್ತು ವರ್ಷದ ಒಪ್ಪಂದ ಬರೆದುಕೊಟ್ಟು, ಆಮೇಲೆ ತೆಗೆಯಬೇಕೆಂದರೆ ಕೋಟಿಗಟ್ಟಲೆ ಡಾಲರ್ ಪರಿಹಾರ ಕೊಡಬೇಕಾದ ಸ್ಥಿತಿಯನ್ನು ವಿಶ್ವವಿದ್ಯಾಲಯಗಳು ತಾವೇ ತಂದುಕೊಂಡಿವೆ. ಕೆಂಟಕಿಯಲ್ಲಿ ಜಾನ್ ಕ್ಯಾಲಿಪಾರಿ 2024ರಲ್ಲಿ ಓಕ್ಲಂಡ್ ಎಂಬ ಸಣ್ಣ ತಂಡಕ್ಕೆ ಸೋತಾಗ ಅವರನ್ನು ತೆಗೆಯುವ ಖರ್ಚು 3 ಕೋಟಿ ಡಾಲರಿಗೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಅವರು ತಾವಾಗಿ ಅರ್ಕಾನ್ಸಾಸ್‌ಗೆ ಹೋದದ್ದರಿಂದ ಆ ಹೊರೆ ತಪ್ಪಿತು. ಕೇಳುವ ಹಕ್ಕನ್ನು ಮುಂಚೆಯೇ ಮಾರಿಕೊಂಡ ಸಂಸ್ಥೆ ಯಾವ ಬಾಯಲ್ಲಿ ಪ್ರಶ್ನೆ ಕೇಳೀತು?

ಕೊನೆಗೆ, ಬದಲಿಸುವ ಬಗೆ. ಯುಸಿಎಲ್‌ಎಯಲ್ಲಿ ವುಡನ್ ನಂತರ ಬಂದ ಜೀನ್ ಬಾರ್ಟೋ ಎರಡು ಸೀಸನ್‌ಗಳಲ್ಲಿ 52 ಗೆದ್ದು ಒಂಬತ್ತು ಸೋತರು. ಬೇರೆ ಎಲ್ಲಿಯಾದರೂ ಮೆರವಣಿಗೆ ಮಾಡುತ್ತಿದ್ದರು. ಅಲ್ಲಿ ಟೀಕೆ ತಡೆಯಲಾಗದೆ ಬಿಟ್ಟು ಹೋದರು. ವಿಲನೋವಾದಲ್ಲಿ ಜೇ ರೈಟ್ 2022ರಲ್ಲಿ, ಎರಡು ಪ್ರಶಸ್ತಿ ಗೆದ್ದು, 60ನೆಯ ವಯಸ್ಸಿನಲ್ಲಿ, ಗೌರವದಿಂದ ನಿವೃತ್ತರಾದರು. ಅವರ ಬಳಿಕ ಬಂದ ಕೈಲ್ ನೆಪ್ಚೂನ್ ಅವರನ್ನು ಮೂರೇ ವರ್ಷಕ್ಕೆ ಕಳಿಸಿದರು. ಒಳ್ಳೆಯ ದಾರಿಗಳೂ ಇವೆ. ಪರ್ಡೂವಿನಲ್ಲಿ ಜೀನ್ ಕೀಡಿ 25 ಸೀಸನ್ ಮುಗಿಸುವ ಮುನ್ನ ತಮ್ಮ ಹಳೆಯ ಆಟಗಾರ ಪೇಂಟರ್ ಅವರನ್ನು ಒಂದು ಪೂರ್ತಿ ವರ್ಷ ಪಕ್ಕದಲ್ಲಿಟ್ಟುಕೊಂಡು ಕೆಲಸ ಒಪ್ಪಿಸಿದರು. ಡ್ಯೂಕ್‌ನಲ್ಲಿ ಶಶೆವ್ಸ್ಕಿ 2021ರ ಜೂನ್‌ನಲ್ಲೇ ಮುಂದಿನ ವರ್ಷ ತನ್ನ ಕೊನೆಯದು, ಆಮೇಲೆ ಜಾನ್ ಶಾಯರ್ ಎಂದು ಸಾರಿದರು. ಸೇರುವ ಹುಡುಗರಿಗೆ ಯಾರ ಕೈಯಲ್ಲಿ ಆಡುತ್ತೇವೆಂದು ಮೊದಲೇ ಗೊತ್ತಿತ್ತು. ಶಾಯರ್ 2025ರಲ್ಲಿ ತಂಡವನ್ನು ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ನಿಲ್ಲಿಸಿದರು.

ಎಲ್ಲಕ್ಕಿಂತ ಘನತೆಯ ನಿರ್ಗಮನ ಟೆನೆಸಿಯಲ್ಲಿ ಆಯಿತು. 22ನೆಯ ವಯಸ್ಸಿನಲ್ಲಿ ಕೋಚ್ ಆಗಿ, ಆಟಗಾರ್ತಿಯರ ಸಮವಸ್ತ್ರವನ್ನು ತಾವೇ ಒಗೆದು, ತಂಡದ ವ್ಯಾನನ್ನು ತಾವೇ ಓಡಿಸಿ 1974ರಲ್ಲಿ ಆರಂಭಿಸಿದ ಪ್ಯಾಟ್ ಸಮಿಟ್ ಒಟ್ಟು 1,098 ಪಂದ್ಯ ಗೆದ್ದರು. 2011ರಲ್ಲಿ ಅಲ್ಝೈಮರ್ ಎಂದು ವೈದ್ಯರು ಹೇಳಿದರು. ಅವರು ಅದನ್ನು ಬಚ್ಚಿಡಲಿಲ್ಲ. ಆಟಗಾರ್ತಿಯರಿಗೂ ಲೋಕಕ್ಕೂ ಹೇಳಿದರು, ಬಹುಪಾಲು ಜವಾಬ್ದಾರಿಯನ್ನು ಬಹುಕಾಲದ ಸಹಾಯಕಿ ಹಾಲಿ ವಾರ್ಲಿಕ್‌ಗೆ ವಹಿಸಿ ಒಂದು ಸೀಸನ್ ಜೊತೆಗಿದ್ದರು, 2012ರಲ್ಲಿ ಇಳಿದರು. ತನ್ನ ಶಕ್ತಿ ಎಷ್ಟು ಉಳಿದಿದೆ ಎಂದು ವಿದ್ಯಾರ್ಥಿನಿಯರೆದುರು ಬಾಯಿ ಬಿಟ್ಟು ಹೇಳಿದ ಗುರು ಅವರು.

ಹಾಗಾಗಿ ನನ್ನ ಸಲಹೆ ಇಷ್ಟು. ಕೋಚ್‌ಗಳ ಒಪ್ಪಂದ ಐದು ವರ್ಷ ಮೀರದಿರಲಿ. ಮೂರನೆಯ ವರ್ಷ ಒಂದು ವಿಮರ್ಶೆ ನಡೆಯಲಿ. ಅದರಲ್ಲಿ ಆಟ ಮುಗಿಸಿ ಹೊರಹೋದ ಆಟಗಾರರು, ಮುಖ್ಯವಾಗಿ ಬೆಂಚಿನ ಮೇಲೇ ಹೆಚ್ಚು ಕಾಲ ಕೂತವರು ಇರಲಿ, ಪಾಠ ಹೇಳುವ ಅಧ್ಯಾಪಕರೂ ಇರಲಿ, ದಾನಿಗಳು ಬೇಡ. ಅಭ್ಯಾಸದ ಅಂಗಳದಲ್ಲಿ ಏನಾಗುತ್ತದೆ, ಎಷ್ಟು ಜನ ಪದವಿ ಮುಗಿಸಿದರು, ಎಷ್ಟು ಜನ ಯಾಕೆ ಬಿಟ್ಟು ಹೋದರು, ಸಹಾಯಕ ಕೋಚ್‌ಗಳು ಕೊನೆಯ ಬಾರಿ ಮುಖ್ಯ ಕೋಚ್ ಮಾತಿಗೆ ಎದುರು ಹೇಳಿದ್ದು ಯಾವಾಗ, ಹೇಳಿದಾಗ ಏನಾಯಿತು ಎಂದು ಅವರು ಕೇಳಲಿ. ಉತ್ತರಗಳು ಒಳ್ಳೆಯವಾದರೆ ಎಂಬತ್ತರ ಕೋಚ್ ಕೂಡ ಮುಂದುವರಿಯಲಿ, ಅಂಥವರಿಗೆ ನಾನೂ ಕೈಮುಗಿಯುತ್ತೇನೆ. ಇಲ್ಲವಾದರೆ ಸೀಸನ್ ಮುಗಿದ ಮಾರ್ಚ್, ಏಪ್ರಿಲ್ ತಿಂಗಳಲ್ಲೇ, ಹುಡುಗರಿಗೆ ದಾರಿ ನೋಡಿಕೊಳ್ಳಲು ಸಮಯ ಇರುವಾಗ, ಮುಖಕ್ಕೆ ಮುಖ ಕೊಟ್ಟು ಹೇಳಿ ಬೀಳ್ಕೊಡಲಿ.